ಗೋಂದು ಮಾವ ಓದಿದ ನಡುವಿನ ಪುಟಗಳು

ಕಾಲೇಜಿನ ಹಿಂದಿನ ಗೇಟಿನ ಎದುರಿಗೆ, ಜೆರಾಕ್ಸ್ ಅಂಗಡಿಗೂ ಛತ್ರಿ ರಿಪೇರಿ ಅಂಗಡಿಗೂ ನಡುವೆ, ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ಇಕ್ಕಟ್ಟಿನ ಒಂದು ಬೈಂಡಿಂಗ್ ಅಂಗಡಿ. ಅದರ ಯಜಮಾನರ ಬೆರಳ ಸಂದಿಗಳಲ್ಲಿ ಸದಾ ಒಣಗಿದ ಅಂಟು. ಹಾಗಾಗಿ ಇಪ್ಪತ್ತೆಂಟು ವರ್ಷಗಳಿಂದ ಆ ಗೇಟಿನಲ್ಲಿ ಓಡಾಡಿದ ಅಷ್ಟೂ ಮಕ್ಕಳಿಗೆ ಅವರು ಗೋಂದು ಮಾವ.

ಮಾವನ ಓದು ಹತ್ತನೇ ತರಗತಿಗೆ ನಿಂತಿತ್ತು. ಅವರ ಜೊತೆ ಐದು ನಿಮಿಷ ಹರಟಿದವರು ಯಾರೂ ಅದನ್ನು ನಂಬುತ್ತಿರಲಿಲ್ಲ. ಜೇನುಹುಳದ ಕಾಯಿಲೆಯಿಂದ ಹಿಡಿದು ವಿಚ್ಛೇದನದ ಕಾನೂನಿನವರೆಗೆ ಯಾವ ವಿಷಯ ಎತ್ತಿದರೂ ಮಾವನಿಗೆ ಎರಡು ಮಾತು ಗೊತ್ತಿರುತ್ತಿದ್ದವು. ಸರಿಯಾಗಿ ಎರಡೇ: ಆ ವಿಷಯ ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ. ಮೂರನೆಯ ಮಾತು ಕೇಳಿದಿರೋ, ತಕ್ಷಣ ಅವರಿಗೆ ಒಳಗಿನಿಂದ ದಾರದುಂಡೆ ತರುವುದು ನೆನಪಾಗುತ್ತಿತ್ತು.

ಇದಕ್ಕೆ ಕಾರಣ ಅವರು ಕೆಲಸ ಮಾಡುವ ರೀತಿ. ಕೊನೆಯ ವರ್ಷದ ಮಕ್ಕಳು ಪ್ರಬಂಧದ ಹಾಳೆಗಳನ್ನು ತಂದುಕೊಟ್ಟರೆ ಮಾವ ಅವನ್ನು ಮೇಜಿನ ಮೇಲೆ ನಾಲ್ಕೂ ಕಡೆ ಕುಟ್ಟಿ ಅಂಚು ಸಮ ಮಾಡುತ್ತಾರೆ. ಮೊದಲ ಹಾಳೆ ಮೇಲಿದೆಯೇ, ಕೊನೆಯ ಹಾಳೆ ಕೆಳಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಮೂವತ್ತು ಮೂವತ್ತು ಹಾಳೆಗಳ ಕಂತೆ ಮಾಡಿ, ದಬ್ಬಣದಿಂದ ತೂತು ಹೊಡೆದು, ಹೊಲಿದು, ರಟ್ಟು ಹಾಕುತ್ತಾರೆ. ರಟ್ಟಿನ ಅಂಟು ಒಣಗುವವರೆಗೆ ಬೇರೆ ಬೈಂಡರುಗಳು ನಡುವೆ ರದ್ದಿ ಕಾಗದ ತುರುಕಿ ಚಹಾ ಕುಡಿಯಲು ಹೋಗುತ್ತಾರೆ. ಮಾವ ಹೋಗುವುದಿಲ್ಲ. ಮುಂದಿನ ರಟ್ಟನ್ನು ಎಡಗೈಯಲ್ಲಿ, ಹಿಂದಿನ ರಟ್ಟನ್ನು ಬಲಗೈಯಲ್ಲಿ ಬಿಡಿಸಿ ಹಿಡಿದು ಕೂರುತ್ತಾರೆ. ಆ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದು ಮೊದಲ ಪುಟ ಮತ್ತು ಕೊನೆಯ ಪುಟ. ಸುಮ್ಮನೆ ಕೂತು ಏನು ಮಾಡುವುದೆಂದು ಮಾವ ಎರಡನ್ನೂ ಓದುತ್ತಾರೆ. ಹೀಗೆ ಸಾವಿರಾರು ಪ್ರಬಂಧಗಳ ತಲೆ ಮತ್ತು ಬಾಲ ಅವರ ಹೊಟ್ಟೆ ಸೇರಿವೆ.

ಇಷ್ಟು ಓದಿದ ಮೇಲೆ ಸಲಹೆ ಕೊಡದೆ ಇರಲಾಗುತ್ತದೆಯೇ? ಆ ಕಾಲೇಜಿನಲ್ಲಿ ಎಲ್ಲರಿಗೂ ಒಂದು ಮುಖ್ಯ ವಿಷಯ, ಅಂದರೆ ಮೇಜರ್. ಹುಮ್ಮಸ್ಸಿದ್ದವರು ಇನ್ನೊಂದನ್ನು ಅದರ ಸಮಕ್ಕೆ ಓದಿ ಎರಡು ಪ್ರಬಂಧ ಬರೆಯಬಹುದು. ಅದು ಡಬಲ್ ಮೇಜರ್. ಅಷ್ಟು ಬೇಡವೆಂದರೆ ಎರಡನೆಯದನ್ನು ಮೈನರ್ ಎಂದು ತೆಗೆದುಕೊಂಡು ನಾಲ್ಕಾರು ಪರೀಕ್ಷೆ ಬರೆದರೆ ಮುಗಿಯಿತು, ಪ್ರಬಂಧವಿಲ್ಲ. ಪ್ರತಿವರ್ಷ ಹೊಸ ಮಕ್ಕಳು ಪ್ರವೇಶದ ಅರ್ಜಿಯ ಜೆರಾಕ್ಸ್ ಮಾಡಿಸಲು ಪಕ್ಕದಂಗಡಿಗೆ ಬಂದವರು ಮಾವನ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು, "ಮಾವ, ಡಬಲ್ ಮೇಜರ್ ತಗೊಂಡ್ರೆ ಪ್ರಯೋಜನ ಇದೆಯಾ?"

"ಕಣ್ಣು ಮುಚ್ಕೊಂಡು ತಗೊಳ್ಳಿ," ಎನ್ನುತ್ತಿದ್ದರು ಮಾವ. "ಇಷ್ಟು ವರ್ಷದಲ್ಲಿ ಹತ್ತೊಂಬತ್ತು ಜೋಡಿ ಕಟ್ಟಿದೀನಿ. ಒಬ್ಬರಾದ್ರೂ ಕೊನೇ ಪುಟದಲ್ಲಿ ಗೋಳಾಡಿದ್ದು ನಾನು ನೋಡಿಲ್ಲ."

ಜೋಡಿ ಎಂದರೆ ಒಂದೇ ಹೆಸರಿನ ಎರಡು ಪ್ರಬಂಧಗಳು. ಅವಕ್ಕೆ ಮಾವ ಒಂದೇ ಥಾನಿನ ಬಟ್ಟೆ ಹಾಕಿ, ಬೆನ್ನಿನ ಮೇಲೆ ಒಂದೇ ಎತ್ತರದಲ್ಲಿ ಚಿನ್ನದ ಅಕ್ಷರ ಒತ್ತಿ, ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಒಂದು ದಿನವಾದರೂ ಕಣ್ತುಂಬ ನೋಡದೆ ಕೊಡುತ್ತಿರಲಿಲ್ಲ. ಆ ಹತ್ತೊಂಬತ್ತು ಜೋಡಿಗಳೂ ಯಾವ ಬಣ್ಣದವೆಂದು ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು.

ಮಾವನ ಹೆಂಡತಿ ಬೀದಿಯ ಆ ತುದಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಗಂಡನ ಈ ಜ್ಞಾನಭಂಡಾರಕ್ಕೆ ಅವರು ಮರುಳಾದದ್ದು ಮದುವೆಯಾದ ಮೊದಲ ವರ್ಷ ಮಾತ್ರ. ಒಮ್ಮೆ ಊಟಕ್ಕೆ ಕೂತಾಗ ಅವರು ಹೇಳಿದ ಮಾತು ಮಾವನಿಗೆ ಹಿಡಿಸಿರಲಿಲ್ಲ.

"ನಿಮ್ಮಂಗಡಿಗೆ ಬರೋರು ಮುಗಿಸಿದವರು ಕಣ್ರೀ. ಅರ್ಧಕ್ಕೆ ಬಿಟ್ಟವರು ನಿಮ್ಮ ಹತ್ರ ಯಾಕೆ ಬರ್ತಾರೆ? ಅವರು ತಲೆನೋವಿನ ಮಾತ್ರೆಗೆ ನಮ್ಮಂಗಡಿಗೆ ಬರ್ತಾರೆ."

"ನಿನಗೆ ಎಲ್ಲದರಲ್ಲೂ ಕಾಯಿಲೆನೇ ಕಾಣೋದು," ಎಂದು ಮಾವ ಆ ಮಾತನ್ನು ತಟ್ಟೆಯ ಪಕ್ಕಕ್ಕೆ ಸರಿಸಿದ್ದರು.

ಆಮೇಲೆ ಅವರ ಮನೆಗೆ ಗಿಣಿ ಬಂದಳು. ಮಾವನ ತಂಗಿಯ ಮಗಳು. ಮಾತು ಕಲಿತ ದಿನದಿಂದ ಬಾಯಿ ಮುಚ್ಚದ್ದಕ್ಕೆ ಮನೆಯವರಿಟ್ಟ ಹೆಸರು ಅದು. ಕಾಲೇಜು ಹತ್ತಿರವೆಂದು ತಂಗಿ ಅವಳನ್ನು ಅಣ್ಣನ ಮನೆಯಲ್ಲಿ ಬಿಟ್ಟಳು. ಮಕ್ಕಳಿಲ್ಲದ ಆ ಮನೆಯ ಎರಡು ಕೋಣೆಗಳಲ್ಲಿ ಬೆಳಿಗ್ಗೆಯಿಂದಲೇ ಸದ್ದು ತುಂಬಿತು. ಮಾವ, ಅತ್ತೆ ಇಬ್ಬರೂ ಕಿವಿ ನೋಯುತ್ತದೆಂದು ಬಾಯಲ್ಲಿ ಹೇಳುತ್ತ ಒಳಗೊಳಗೇ ಹಿಗ್ಗುತ್ತಿದ್ದರು.

ಗಿಣಿಗೆ ಕೆಮಿಸ್ಟ್ರಿ ಎಂದರೆ ಪ್ರಾಣ. ಇತಿಹಾಸ ಎಂದರೂ ಇಷ್ಟ. ಪ್ರವೇಶದ ದಿನ ಅರ್ಜಿ ಹಿಡಿದು ಅಂಗಡಿಗೆ ಬಂದವಳು, "ಮಾವ, ಇತಿಹಾಸನ ಮೈನರ್ ಮಾಡ್ಕೊಳ್ಲಾ, ಡಬಲ್ ಮೇಜರ್ ಮಾಡ್ಕೊಳ್ಲಾ?" ಎಂದಳು. ಮಾವನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಅವಳು ಡಬಲ್ ಎಂದು ಬರೆದುಕೊಟ್ಟಳು. ಆ ಸಂಜೆಯೇ ಮಾವ ಕಪಾಟಿನಿಂದ ಕಡುನೀಲಿ ಬಟ್ಟೆಯ ಒಂದು ತುಂಡು ತೆಗೆದು, ಎರಡು ಪ್ರಬಂಧಕ್ಕಾಗುವಷ್ಟು ಅಳೆದು, ಮಡಿಸಿ, ಬೇರೆ ಯಾರಿಗೂ ಕೊಡಬಾರದೆಂದು ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿಟ್ಟರು. ಇಪ್ಪತ್ತನೆಯ ಜೋಡಿ ಮನೆಯ ಮಗುವಿನದು! ಮೂರು ವರ್ಷ ಆ ಬಟ್ಟೆಗೆ ಧೂಳು ಕೂರಲು ಬಿಡಲಿಲ್ಲ.

ಮೂರನೆಯ ವರ್ಷದ ಕೊನೆಗೆ ಗಿಣಿಯ ಬಾಯಿ ಸೋತಿತು. ಬೆಳಿಗ್ಗೆ ಎದ್ದವಳು ಲ್ಯಾಬಿಗೆ ಓಡುತ್ತಿದ್ದಳು, ಮಧ್ಯಾಹ್ನ ಲೈಬ್ರರಿಗೆ, ಸಂಜೆ ಮತ್ತೆ ಲ್ಯಾಬಿಗೆ. ಕೆಮಿಸ್ಟ್ರಿಯ ಪ್ರಬಂಧ ನೀರಿನ ಕೊಳವೆಗಳಿಗೆ ತುಕ್ಕು ಹಿಡಿಯದಂತೆ ಬಳಿಯುವ ಒಂದು ಲೇಪದ ಮೇಲೆ. ಇತಿಹಾಸದ್ದು ಊರಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುತ್ತಿದ್ದ ಹೆಂಗಸರ ಮೇಲೆ. ಊಟದ ತಟ್ಟೆಯ ಮುಂದೆ ಕೂತೇ ತೂಕಡಿಸುತ್ತಿದ್ದಳು. ಬಾಚಣಿಗೆಯಲ್ಲಿ ಉದುರಿದ ಕೂದಲು ನೋಡಿ ಅತ್ತೆ ತಮ್ಮಂಗಡಿಯಿಂದ ಕಬ್ಬಿಣದ ಮಾತ್ರೆ ತಂದರು.

ಕಾಲೇಜಿನವರು ಒಂದು ನೋಟೀಸು ಹಾಕಿದ್ದರು. ಡಬಲ್ ಮೇಜರ್ ಮಾಡುತ್ತಿರುವವರು ಎರಡನೆಯದನ್ನು ಮೈನರಿಗೆ ಇಳಿಸಬೇಕೆಂದಿದ್ದರೆ ಶುಕ್ರವಾರ ನಾಲ್ಕು ಗಂಟೆಯೊಳಗೆ ಅರ್ಜಿ ಕೊಡಬೇಕು. ಆಮೇಲೆ ಇಳಿಸುವಂತಿಲ್ಲ, ಎರಡರಲ್ಲಿ ಯಾವ ಪ್ರಬಂಧ ಫೇಲಾದರೂ ಡಿಗ್ರಿಯೇ ಒಂದು ವರ್ಷ ಮುಂದಕ್ಕೆ.

ಮಂಗಳವಾರ ಗಿಣಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. "ಮಾವ, ಇತಿಹಾಸನ ಇಳಿಸಿಬಿಡ್ಲಾ?"

ಮಾವನ ಕಣ್ಣು ತಾನಾಗಿಯೇ ಮೇಲಿನ ಖಾನೆಗೆ ಹೋಯಿತು. "ಇಷ್ಟು ದೂರ ಬಂದು? ಬರೆದದ್ದು ಎಷ್ಟಾಗಿದೆ, ತಗೊಂಡು ಬಾ, ನೋಡೋಣ," ಎಂದರು.

ಹೇಗೂ ಇಬ್ಬರು ಮೇಷ್ಟ್ರುಗಳಿಗೂ ಕರಡು ತೋರಿಸಬೇಕಾಗಿತ್ತು. ಬುಧವಾರ ಮಧ್ಯಾಹ್ನ ಗಿಣಿ ಎರಡೂ ಕರಡುಗಳನ್ನು ತಂದು ಮೇಜಿನ ಮೇಲಿಟ್ಟು, ತೆಳು ರಟ್ಟು ಹಾಕಿ ಹೊಲಿದಿಡಿ ಎಂದು ಹೇಳಿ ಓಡಿದಳು. ಮಾವ ಇತಿಹಾಸದ ಕೊನೆಯ ಹಾಳೆ ತೆಗೆದು ಓದಿದರು. ಎಕ್ಸ್‌ಚೇಂಜು ಮುಚ್ಚಿದ ದಿನ ಕೊನೆಯ ಪಾಳಿಯ ಹೆಂಗಸು ತಂತಿಗಳನ್ನೆಲ್ಲ ಕಿತ್ತು, ಸುತ್ತಿ, ಹಲಗೆ ಒರೆಸಿ, ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿ ಮನೆಗೆ ಹೋದಳು ಎಂದು ಬರೆದಿತ್ತು. ಮನೆಯಲ್ಲಿ ಫೋನ್ ಇರಲಿಲ್ಲ, ಎಂಬುದು ಕಡೆಯ ವಾಕ್ಯ. ಮಾವನ ಕಣ್ಣು ಒದ್ದೆಯಾಯಿತು. ಇಂಥ ಕೊನೆಯ ಪುಟ ಅಲ್ಲಿಯವರೆಗೆ ಅವರ ಕೈಗೆ ಬಂದಿರಲಿಲ್ಲ. ಸಂಜೆ ಗಿಣಿ ಮನೆಗೆ ಬರುತ್ತಲೇ, "ಮುಗಿದೇ ಹೋಗಿದೆಯಲ್ಲೇ! ಇನ್ನು ಇಳಿಸೋ ಮಾತೆಲ್ಲಿ?" ಎಂದು ಬೆನ್ನು ತಟ್ಟಿದರು. ಗಿಣಿ ನಕ್ಕಳು. ನಗು ಅರ್ಧದಾರಿಯಲ್ಲೇ ನಿಂತದ್ದನ್ನು ಅತ್ತೆ ನೋಡಿದರು, ಮಾವ ನೋಡಲಿಲ್ಲ.

ಆ ದಿನದ ಸಂತೋಷದಲ್ಲಿ ಮಾವ ಒಂದು ಎಡವಟ್ಟು ಮಾಡಿದ್ದರು. ಎರಡೂ ಕರಡುಗಳನ್ನು ಒಂದೇ ಮೇಜಿನ ಮೇಲೆ ಮೂವತ್ತು ಮೂವತ್ತು ಹಾಳೆಯ ಕಂತೆ ಮಾಡಿ ತೂತು ಹೊಡೆದಿದ್ದರು. ಒಂದೇ ಕಾಗದ, ಒಂದೇ ಅಕ್ಷರ. ಜೋಡಿಸುವಾಗ ಎರಡನೆಯ ಕಂತೆಗಳು ಅದಲುಬದಲಾದವು. ಪುಟಸಂಖ್ಯೆ ನೋಡಿದರೆ ಮೂವತ್ತಾದ ಮೇಲೆ ಮೂವತ್ತೊಂದು, ಅರವತ್ತಾದ ಮೇಲೆ ಅರವತ್ತೊಂದು, ಏನೂ ತಪ್ಪಿಲ್ಲ. ಮಾವ ವಾಡಿಕೆಯಂತೆ ಮೊದಲ ಹಾಳೆ ನೋಡಿದರು, ಕೊನೆಯ ಹಾಳೆ ನೋಡಿದರು, ಹೊಲಿದರು.

ಗುರುವಾರ ಮಧ್ಯಾಹ್ನ ಗಿಣಿ ಎರಡೂ ಕರಡು ಹಿಡಿದು, ಕೆಂಪು ಮುಖ ಮಾಡಿಕೊಂಡು ಅಂಗಡಿಗೆ ನುಗ್ಗಿದಳು. ಕೆಮಿಸ್ಟ್ರಿ ಮೇಡಂ ಕರಡನ್ನು ಕ್ಲಾಸಿನಲ್ಲೇ ಅವಳೆದುರಿಗೆ ಓದಲು ಕೂತಿದ್ದರಂತೆ. ಮೂವತ್ತು ಪುಟ ದಾಟಿದ ಮೇಲೆ ಒಂಬತ್ತು ಪುಟ ಟೆಲಿಫೋನ್ ಹೆಂಗಸರ ಕಥೆ ಓದಿ, ಕನ್ನಡಕ ತೆಗೆದು, "ಬಹಳ ಚೆನ್ನಾಗಿದೆ. ಆದರೆ ತುಕ್ಕು ಮತ್ತೆ ಯಾವಾಗ ಬರುತ್ತೆ?" ಎಂದರಂತೆ.

"ಕ್ಲಾಸಿಗೆ ಕ್ಲಾಸೇ ನಕ್ಕಿತು, ಮಾವ! ನಡುವೆ ಒಂದು ಪುಟನಾದ್ರೂ ತಿರುಗಿಸಿ ನೋಡಬಾರದಿತ್ತಾ ನೀವು?"

ಮಾವ ನಾಲಿಗೆ ಕಚ್ಚಿಕೊಂಡರು. ಅಂಗಡಿ ಇಟ್ಟಂದಿನಿಂದ ಇಂಥ ಮಾತು ಕೇಳಿಸಿಕೊಂಡಿರಲಿಲ್ಲ. "ಸಂಜೆಯೊಳಗೆ ಸರಿಮಾಡಿಡ್ತೀನಿ. ನೀನು ಮನೆಗೆ ಹೋಗಿ ಎರಡು ತುತ್ತು ಉಂಡು ಮಲಗು," ಎಂದರು. ಗಿಣಿ ಎದುರಾಡದೆ ಹೋದಳು. ಎದುರಾಡಲೂ ಆಗದಷ್ಟು ದಣಿದಿದ್ದಳು.

ಮಾವ ಅರ್ಧ ಬಾಗಿಲು ಮುಚ್ಚಿ ಕೂತರು. ಹೊಲಿದದ್ದನ್ನು ಬಿಚ್ಚುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ. ದಾರ ಕತ್ತರಿಸಿ, ಹಾಳೆಗಳ ಬೆನ್ನಿಗೆ ಹಿಡಿದ ಅಂಟನ್ನು ಒಂದೊಂದಾಗಿ ಬಿಡಿಸಬೇಕು. ಮತ್ತೆ ತಪ್ಪಾಗಬಾರದೆಂದು ಈ ಸಲ ಪ್ರತಿ ಹಾಳೆಯನ್ನೂ ಓದಿ ಇದು ತುಕ್ಕು, ಇದು ಟೆಲಿಫೋನು ಎಂದು ಬೇರೆ ಮಾಡಿದರು. ಹೀಗೆ ಗೋಂದು ಮಾವ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪ್ರಬಂಧದ ನಡುವೆ ಕಾಲಿಟ್ಟರು.

ತುಕ್ಕು ಅವರಿಗೆ ಅರ್ಥವಾಗಲಿಲ್ಲ. ಆದರೆ ಗಿಣಿ ಹನ್ನೊಂದು ಸಲ ಲೇಪ ಬಳಿದು ಹನ್ನೊಂದು ಸಲವೂ ಸೋತದ್ದು ಅರ್ಥವಾಯಿತು. ಪ್ರತಿ ಸೋಲಿಗೂ ಒಂದು ಪುಟ, ಒಂದು ಅಚ್ಚುಕಟ್ಟಾದ ಕೋಷ್ಟಕ, ಕೊನೆಗೆ ಮುಂದೇನು ಬದಲಿಸಬೇಕೆಂಬ ಒಂದು ಸಾಲು. ಎಲ್ಲೂ ಬೇಸರವಿಲ್ಲ. ಹನ್ನೆರಡನೆಯದು ಗೆದ್ದಾಗ ಮಾವ ಕೂತಲ್ಲೇ "ಭಲೇ" ಎಂದರು. ಪಕ್ಕದಂಗಡಿಯ ಜೆರಾಕ್ಸಿನವರು ಇಣುಕಿ ನೋಡಿ ಹೋದರು.

ಟೆಲಿಫೋನು ಬೇರೆಯೇ ಆಗಿತ್ತು. ಮೊದಲ ಪುಟದಿಂದ ನಲವತ್ತನಾಲ್ಕರವರೆಗೆ ಗಿಣಿಯೇ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಾಳೆ ಅನ್ನಿಸಿತು. ಊರಿನ ಡಾಕ್ಟರರ ಕೆಮ್ಮು ಕೇಳಿಯೇ ನಂಬರ್ ಜೋಡಿಸುತ್ತಿದ್ದ ಅಜ್ಜಿ, ಪ್ರೇಮಿಗಳ ಕರೆ ಬಂದರೆ ಲೈನು ಕಡಿಯದೆ ಗಡಿಯಾರವನ್ನೇ ಮರೆಯುತ್ತಿದ್ದ ಮತ್ತೊಬ್ಬಳು. ಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಲವತ್ತೈದನೆಯ ಪುಟಕ್ಕೆ ಬರುತ್ತಲೇ ದನಿ ಕುಗ್ಗಿತು. ನಲವತ್ತೊಂಬತ್ತರಲ್ಲಿದ್ದ ಪ್ಯಾರಾ ಐವತ್ತೆರಡರಲ್ಲಿ ಅಕ್ಷರ ತಪ್ಪದೆ ಮತ್ತೆ ಬಂದಿತ್ತು. ಐವತ್ತೇಳರಲ್ಲಿ ಬರೀ ತಲೆಬರಹ. ಅಲ್ಲಿಂದ ಮುಂದೆ ಯಾವುದೋ ಸರಕಾರಿ ವರದಿಯನ್ನು ಇದ್ದ ಹಾಗೆಯೇ ಇಳಿಸಿದ್ದಳು; ಒಂದು ವಾಕ್ಯ ನಿದ್ದೆ ಹೋದಂತೆ ನಡುವೆಯೇ ನಿಂತಿತ್ತು. ಎಂಬತ್ತಮೂರರವರೆಗೂ ಅದೇ ಕಥೆ. ಎಂಬತ್ತನಾಲ್ಕು, ಕೊನೆಯ ಪುಟ, ಅದು ಮಾತ್ರ ಥಳಥಳ.

ಮಾವ ಆ ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಉಳಿದ ಹಾಳೆಗಳು ಹಾಲಿನಂತೆ ಬಿಳಿ, ಇದೊಂದು ಅಂಚಿನಲ್ಲಿ ಸ್ವಲ್ಪ ಹಳದಿ. ಮೂಲೆಯಲ್ಲಿ ಮಡಿಕೆಯ ಗುರುತು. ಪುಟಸಂಖ್ಯೆಯ ಶಾಯಿ ಮಾತ್ರ ಹೊಸದು. ಕಾಗದದ ವಯಸ್ಸು ಹೇಳುವುದರಲ್ಲಿ ಮಾವನನ್ನು ಮೀರಿಸುವವರಿಲ್ಲ. ಇದು ಈ ವಾರ ಬರೆದ ಪುಟವಲ್ಲ, ವರ್ಷವಾದರೂ ಆಗಿದೆ. ಅಂದರೆ ಹುಡುಗಿ ನಡುವನ್ನು ಬರೆಯುವ ಮೊದಲೇ ಕೊನೆಯನ್ನು ಬರೆದಿಟ್ಟಿದ್ದಾಳೆ. ಯಾಕೆ? ಅದನ್ನು ಯಾರು ಓದುತ್ತಾರೆಂದು?

ಉತ್ತರ ಹೊಳೆದಾಗ ಮಾವನಿಗೆ ಬಹಳ ಸಂಕಟವಾಯಿತು. ಹೆಂಡತಿ ಹೇಳಿದ್ದ ತಲೆನೋವಿನ ಮಾತ್ರೆಯ ಮಾತು ಈಗ ತಟ್ಟೆಯ ಪಕ್ಕದಿಂದ ಎದ್ದು ಬಂದು ಎದುರಿಗೆ ಕೂತಿತು.

ಸಂಜೆ ಮನೆಗೆ ಹೋದರು. ಗಿಣಿ ನಿದ್ದೆ ಮುಗಿಸಿ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಚಹಾ ಕುಡಿಯುತ್ತಿದ್ದಳು. ಮಾವ ಚಪ್ಪಲಿ ಬಿಡುತ್ತಲೇ ಕೇಳಿದರು, "ಕೊನೇ ಪುಟ ಯಾವಾಗ ಬರೆದೆ?"

ಗಿಣಿ ಲೋಟ ಕೆಳಗಿಟ್ಟಳು. "ಹೋದ ವರ್ಷ. ಆ ಕೊನೇ ಪಾಳಿಯ ಅಜ್ಜಿ ಮನೆಯಿಂದ ಬಂದ ದಿನ." ಆಮೇಲೆ ಮೆಲ್ಲಗೆ, "ನೀವು ಓದೋದು ಅದೊಂದೇ ಅಲ್ವಾ ಮಾವ? ಅದಾದ್ರೂ ಚೆನ್ನಾಗಿರಲಿ ಅಂತ. ನೀಲಿ ಬಟ್ಟೆ ಎತ್ತಿಟ್ಟಿದ್ದೀರಿ, ನಂಗೆ ಗೊತ್ತು," ಎಂದಳು.

ಅತ್ತೆ ಒಲೆಯ ಕಡೆ ತಿರುಗಿದರು. ಮಾವ ಹೊಸ್ತಿಲಲ್ಲೇ ಕೂತರು. ಮೂರು ವರ್ಷ ಈ ಹುಡುಗಿ ತನ್ನ ಖಾನೆಯ ಬಟ್ಟೆಗೋಸ್ಕರ ಕೂದಲು ಉದುರಿಸಿಕೊಂಡಳಲ್ಲ!

"ಅರ್ಜಿ ಎಲ್ಲಿದೆ?" ಎಂದರು.

"ಯಾವ ಅರ್ಜಿ?"

"ಮೈನರಿಗೆ ಇಳಿಸೋ ಅರ್ಜಿ. ಈಗಲೇ ತುಂಬು. ನಾಳೆ ನಾನೇ ಬರ್ತೀನಿ ಜೊತೆಗೆ."

"ಬೇಡ ಅಂದಿದ್ದು ನೀವೇ ಅಲ್ವಾ?"

"ಹೇಳಿದ್ದು ನಾನೇ. ತಲೆ ಬಾಲ ಎರಡೇ ನೋಡಿ ಹೇಳ್ದೆ. ಇವತ್ತು ಹೊಟ್ಟೆ ನೋಡಿದೆ, ಖಾಲಿ ಇದೆ. ಕೆಮಿಸ್ಟ್ರಿ ನಿನ್ನ ಅನ್ನ, ಅದನ್ನ ನೀನು ಸೋತು ಸೋತು ನಗ್ತಾ ಮಾಡ್ತೀಯ. ಈ ಟೆಲಿಫೋನು ಅವಸರದಲ್ಲಿ ಮಾಡೋ ಕೆಲಸ ಅಲ್ಲ. ಆ ಅಜ್ಜಿ ಪಾಲಿಗೆ ಅನ್ಯಾಯ ಆಗುತ್ತೆ."

ಗಿಣಿ ಅತ್ತಳು. ಅಳುತ್ತಲೇ ಮಾತು ಶುರುವಾಯಿತು. ಮೇಷ್ಟ್ರು, ಲೈಬ್ರರಿ, ಹನ್ನೆರಡನೆಯ ಲೇಪ, ಒಂದರ ಬಾಲಕ್ಕೆ ಇನ್ನೊಂದು. ತಿಂಗಳುಗಳಿಂದ ಕಟ್ಟಿಕೊಂಡಿದ್ದೆಲ್ಲ ಹೊರಗೆ ಬಂತು. "ಬಂತಪ್ಪ ಗಿಣಿ ವಾಪಸ್ಸು," ಎಂದು ಅತ್ತೆ ಅವಳ ತಟ್ಟೆಗೆ ಎರಡನೆಯ ಸಲ ಬಡಿಸಿದರು. ಅವಳು ಪೂರ್ತಿ ಉಂಡಳು.

ಶುಕ್ರವಾರ ಮೂರೂವರೆಗೆ ಮಾವ ಅಂಗಡಿ ಮುಚ್ಚಿ ಅವಳ ಜೊತೆ ಕಾಲೇಜಿನ ಆಫೀಸಿನ ಸಾಲಿನಲ್ಲಿ ನಿಂತರು. ಅವರಿಗಿಂತ ಮುಂದೆ ಅದೇ ಅರ್ಜಿ ಹಿಡಿದು ಹನ್ನೊಂದು ಮಕ್ಕಳು ನಿಂತಿದ್ದರು. ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಬ್ಬರೂ ಗುರುತಿನವರಲ್ಲ. ಹೆಂಡತಿ ಹೇಳುತ್ತಿದ್ದ ಮಕ್ಕಳು ಇವರೇ, ಪ್ರತಿವರ್ಷ ಹೀಗೆ ಇಲ್ಲಿ ನಿಲ್ಲುತ್ತಿದ್ದರು, ತಾನು ಗೇಟಿನ ಆಚೆ ಕೂತು ಉಪದೇಶ ಮಾಡುತ್ತಿದ್ದೆ ಎಂದುಕೊಂಡರು. ಗುಮಾಸ್ತರು ಕತ್ತೆತ್ತಿ, "ಏನು ಮಾವ, ನೀವೂ ಏನಾದ್ರೂ ಇಳಿಸ್ತಿದ್ದೀರಾ?" ಎಂದರು. "ಹೌದು, ಸ್ವಲ್ಪ ಜಂಬ," ಎಂದರು ಮಾವ. ಠಸ್ಸೆ ಬಿತ್ತು.

ಗಿಣಿಯ ತುಕ್ಕಿನ ಪ್ರಬಂಧ ಮುಂದಿನ ತಿಂಗಳು ಕಡುನೀಲಿ ಬಟ್ಟೆ ಹೊದ್ದು, ಚಿನ್ನದ ಅಕ್ಷರ ತೊಟ್ಟು ಹೋಯಿತು, ಒಳ್ಳೆಯ ಅಂಕವನ್ನೂ ತಂದಿತು. ಅಂಕಪಟ್ಟಿಯಲ್ಲಿ ಇತಿಹಾಸ ಮೈನರ್ ಎಂದು ಒಂದು ಸಾಲಿದೆ. ಅವಳಿಗೆ ಊರಿನ ನೀರು ಸರಬರಾಜು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಆ ಸಾಲಿನ ಬಗ್ಗೆ ಯಾರೂ ಕೇಳಲಿಲ್ಲ. ಅದರಿಂದ ಗಿಣಿಗೇನೂ ಬೇಸರವಾಗಲಿಲ್ಲ.

ಕೆಲಸಕ್ಕೆ ಸೇರುವ ಹಿಂದಿನ ದಿನ ಮಾವ ಅವಳನ್ನು ಅಂಗಡಿಗೆ ಕರೆದು ಉಳಿದರ್ಧ ನೀಲಿ ಬಟ್ಟೆಯ ಪುಸ್ತಕವೊಂದನ್ನು ಕೈಗಿಟ್ಟರು. ಬೆನ್ನಿನ ಮೇಲೆ ಅವಳ ಹೆಸರು, ಅದೇ ಎತ್ತರದಲ್ಲಿ. ಗಿಣಿ ತೆರೆದಳು. ಟೆಲಿಫೋನ್ ಹೆಂಗಸರು ನಲವತ್ತನಾಲ್ಕನೆಯ ಪುಟದವರೆಗೆ ಇದ್ದರು. ಸರಕಾರಿ ವರದಿಯೆಲ್ಲ ಮಾಯ. ಅಲ್ಲಿಂದ ಮುಂದೆ ಬಿಳಿ ಹಾಳೆಗಳು, ಒಂದು ಬೆರಳು ದಪ್ಪಕ್ಕೆ. ಅವಳು ಹಿಂದಿನ ರಟ್ಟಿನವರೆಗೂ ತಿರುಗಿಸಿದಳು.

"ಕೊನೇ ಪುಟ ಎಲ್ಲಿ ಮಾವ?"

"ನನ್ನ ಹತ್ರ ಇದೆ. ನಡುವಿನದನ್ನ ಬರೆದು ತಾ, ಅಂಟಿಸಿಕೊಡ್ತೀನಿ. ಇದಕ್ಕೆ ಶುಕ್ರವಾರ ಇಲ್ಲ, ನಾಲ್ಕು ಗಂಟೇನೂ ಇಲ್ಲ."

ಇದಾಗಿ ಐದು ವರ್ಷ. ಈಗಲೂ ಪ್ರವೇಶದ ದಿನಗಳಲ್ಲಿ ಹೊಸ ಮಕ್ಕಳು ಹೊಸ್ತಿಲಲ್ಲಿ ನಿಂತು ಡಬಲ್ ಮೇಜರಿನ ಪ್ರಯೋಜನ ಕೇಳುತ್ತಾರೆ. ಮಾವ ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎನ್ನುವುದನ್ನು ಬಿಟ್ಟಿದ್ದಾರೆ. "ಎರಡರಲ್ಲಿ ಯಾವುದಕ್ಕೆ ಹನ್ನೊಂದು ಸಲ ಸೋಲೋ ಮನಸ್ಸಿದೆ? ಎರಡಕ್ಕೂ ಇದ್ರೆ ತಗೋ. ಒಂದಕ್ಕೇ ಇದ್ರೆ ಇನ್ನೊಂದು ಎಲ್ಲಿಗೂ ಓಡಿಹೋಗಲ್ಲ," ಎನ್ನುತ್ತಾರೆ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಕೇಳದವರಲ್ಲಿ ಒಬ್ಬಳು ಹೋದ ವರ್ಷ ಇಪ್ಪತ್ತನೆಯ ಜೋಡಿ ಕಟ್ಟಿಸಿಕೊಂಡು ಹೋದಳು. ಹಸಿರು ಬಟ್ಟೆಯದು. ಮಾವ ಎರಡರ ನಡುವನ್ನೂ ಓದಿ, ಗಟ್ಟಿಯಾಗಿದೆ ಎಂದು ತಲೆದೂಗಿ, ಒಂದು ದಿನ ಪಕ್ಕಪಕ್ಕ ನಿಲ್ಲಿಸಿ ಕಣ್ತುಂಬ ನೋಡಿ ಕೊಟ್ಟರು.

ಗಿಣಿ ಭಾನುವಾರಗಳಲ್ಲಿ ಆ ಅಜ್ಜಿಯರ ಮನೆಗೆ ಹೋಗುತ್ತಾಳೆ. ಅಲ್ಲಿಂದ ನೇರ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಬರೆದದ್ದನ್ನು ಗಟ್ಟಿಯಾಗಿ ಓದುತ್ತಾಳೆ. ಮಾವ ರಟ್ಟುಗಳನ್ನು ಬಿಡಿಸಿ ಹಿಡಿದುಕೊಂಡು ಕೇಳುತ್ತಾರೆ. ಕೊನೆಯ ಪುಟ ಅಂಟಿನ ಡಬ್ಬದ ಕೆಳಗಿನ ಖಾನೆಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಭದ್ರವಾಗಿದೆ. ಮೊನ್ನೆ ಗಿಣಿ ಅರವತ್ತೊಂದನೆಯ ಪುಟ ಮುಗಿಸಿ, "ಇನ್ನು ಸ್ವಲ್ಪ ಬೇಗ ಬೇಗ ಬರೆದು ಮುಗಿಸ್ಲಾ ಮಾವ?" ಎಂದಳು.

"ಯಾಕೆ, ಎಲ್ಲಿಗಾದ್ರೂ ಹೋಗಬೇಕಾ?" ಎಂದರು ಗೋಂದು ಮಾವ. "ಮುಂದೆ ಓದು."